ಪೋಕೆಮಾನ್ ಕಾರ್ಡ್: ಅರವತ್ತು ಎಲೆಗಳ ಡೆಕ್ ಕಟ್ಟುವ ಕ್ರಮ

ಕಳೆದ ತಿಂಗಳು ನಮ್ಮ ಭಾನುವಾರದ ಆಟಕ್ಕೆ ಬಂದ ಹನ್ನೆರಡು ವರ್ಷದ ಹುಡುಗನೊಬ್ಬ ಮೂರು ಚಾರಿಜಾರ್ಡ್ ಇಎಕ್ಸ್ ಕಾರ್ಡ್‌ಗಳನ್ನು ಕೈಯಲ್ಲಿ ಹಿಡಿದು ಐದು ಸರದಿ ಸುಮ್ಮನೆ ಕುಳಿತಿದ್ದ. ಮೇಜಿನ ಮೇಲೆ ಅವನದೆಂದು ಇದ್ದದ್ದು ಒಂದೇ ಒಂದು ಪಿಕಾಚು. ಚಾರಿಜಾರ್ಡ್ ಆಗಿ ಬೆಳೆಯಬೇಕಾದ ಚಾರ್ಮ್ಯಾಂಡರ್ ಡೆಕ್‌ನ ತಳದಲ್ಲೆಲ್ಲೋ ಮಲಗಿತ್ತು. ಆರನೆಯ ಸರದಿಯಲ್ಲಿ ಪಿಕಾಚು ಬಿತ್ತು, ಆಟ ಮುಗಿಯಿತು. ಆಮೇಲೆ ಚಾಪೆಯ ಮೇಲೆ ಅವನ ಡೆಕ್ ಹರಡಿ ಎಣಿಸಿದೆವು: 26 ಪೋಕೆಮಾನ್, 24 ಎನರ್ಜಿ (ಹೊಡೆತಕ್ಕೆ ಶಕ್ತಿ ಕೊಡುವ ಕಾರ್ಡ್), 10 ಟ್ರೈನರ್ (ಆಡುವವನಿಗೆ ನೆರವಾಗುವ ಕಾರ್ಡ್).

ಈ ಲೆಕ್ಕ ಅವನೊಬ್ಬನದಲ್ಲ. ಹೊಸದಾಗಿ ಡೆಕ್ ಕಟ್ಟುವ ಹೆಚ್ಚಿನವರದು ಇದೇ ಲೆಕ್ಕ, ಸೋಲುವ ರೀತಿಯೂ ಇದೇ. ತಮ್ಮಲ್ಲಿರುವ ಬಲಶಾಲಿ ಪ್ರಾಣಿಗಳನ್ನೆಲ್ಲ ತುಂಬುತ್ತಾರೆ, ಉಳಿದ ಜಾಗಕ್ಕೆ ಎನರ್ಜಿ ಸುರಿಯುತ್ತಾರೆ, ಟ್ರೈನರ್ ಕಾರ್ಡ್‌ಗಳನ್ನು ಚಿತ್ರ ಚೆನ್ನಾಗಿಲ್ಲವೆಂದು ಡಬ್ಬಿಯಲ್ಲೇ ಬಿಡುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎನರ್ಜಿಯನ್ನು ಕೊನೆಗೆ ಇಟ್ಟಿರುವುದಕ್ಕೆ ಕಾರಣವಿದೆ, ಅಲ್ಲಿಗೆ ಬಂದಾಗ ಹೇಳುತ್ತೇನೆ. ಆಟದ ನಿಯಮ ಸುಮಾರಾಗಿ ಗೊತ್ತಿರುವವರಿಗೆ ಇದು ಸಾಕು. ನಿಯಮವೇ ಗೊತ್ತಿಲ್ಲದಿದ್ದರೆ ಮೊದಲು ಸಿದ್ಧ ಡೆಕ್ ಒಂದನ್ನು ತಂದು ನಾಲ್ಕು ಆಟ ಆಡಿ ಬನ್ನಿ.

ಬೇಕಾಗುವ ಸಾಮಾನು

ನಿಮ್ಮ ಬಳಿ ಇರುವ ಎಲ್ಲ ಕಾರ್ಡ್‌ಗಳು. ಒಂದೇ ಬಣ್ಣದ, ಹಿಂಬದಿ ಪಾರದರ್ಶಕವಲ್ಲದ 60 ಸ್ಲೀವ್‌ಗಳು (ಕಾರ್ಡ್ ತೂರಿಸಿಡುವ ಪ್ಲಾಸ್ಟಿಕ್ ಲಕೋಟೆಗಳು), ಜೊತೆಗೆ ಹರಿದರೆ ಬೇಕಾಗುವ ನಾಲ್ಕೈದು. ಕಾರ್ಡ್ 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಉದ್ದ ಇರುತ್ತದೆ. ಸ್ಲೀವ್ 66 ಮತ್ತು 91 ಇರಲಿ. ಇದಕ್ಕಿಂತ ಸಣ್ಣ ಅಳತೆಯ ಸ್ಲೀವ್‌ಗಳೂ ಅಂಗಡಿಯಲ್ಲಿ ಸಿಗುತ್ತವೆ, ಅವುಗಳಲ್ಲಿ ಈ ಕಾರ್ಡ್ ಹಿಡಿಯುವುದಿಲ್ಲ. ಒಂದು ನೋಟ್‌ಬುಕ್, ಪೆನ್ನು, ಕತ್ತರಿ, ಹಳೆಯ ಬಿಳಿ ಹಾಳೆಗಳು. ಮೊಬೈಲ್‌ನ ಟಾರ್ಚ್. ಇಷ್ಟೇ. ದುಬಾರಿ ಮ್ಯಾಟ್, ಲೋಹದ ನಾಣ್ಯ ಯಾವುದೂ ಡೆಕ್ ಕಟ್ಟಲು ಬೇಡ.

ಹಂತ 1: ಮೂರು ರಾಶಿ ಮಾಡಿ, ನಕಲಿಯನ್ನು ಹೊರಗಿಡಿ

ನೆಲದ ಮೇಲೆ ಬಟ್ಟೆ ಹಾಸಿ ಕಾರ್ಡ್‌ಗಳನ್ನು ಮೂರು ರಾಶಿ ಮಾಡಿ: ಪೋಕೆಮಾನ್, ಟ್ರೈನರ್, ಎನರ್ಜಿ. ಪೋಕೆಮಾನ್ ರಾಶಿಯನ್ನು ಮತ್ತೆ ಬೇಸಿಕ್ (ನೇರವಾಗಿ ಇಳಿಸುವ ಮರಿ), ಸ್ಟೇಜ್ 1, ಸ್ಟೇಜ್ 2 (ಅದರಿಂದ ಹಂತ ಹಂತವಾಗಿ ಬೆಳೆಯುವವು) ಎಂದು ಬೇರ್ಪಡಿಸಿ. ಈ ಪದ ಕಾರ್ಡ್‌ನ ಎಡ ಮೇಲ್ಮೂಲೆಯಲ್ಲೇ ಮುದ್ರಿತವಾಗಿರುತ್ತದೆ.

ನಕಲಿ ಕಾರ್ಡ್‌ಗಳು ಆಟಿಕೆ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುವುದರಿಂದ ಈ ಹಂತದಲ್ಲೇ ಅವನ್ನು ಹೆಕ್ಕಿ ತೆಗೆಯಬೇಕು. ಅನುಮಾನವಿಲ್ಲದ ಒಂದು ಅಸಲಿ ಎನರ್ಜಿ ಕಾರ್ಡನ್ನು ಪಕ್ಕದಲ್ಲಿಟ್ಟುಕೊಳ್ಳಿ. ಎರಡನ್ನೂ ಟಾರ್ಚ್‌ನ ಮುಂದೆ ಹಿಡಿದು ನೋಡಿ. ಅಸಲಿ ಕಾರ್ಡ್‌ನ ನಡುವಿನ ಪದರ ಬೆಳಕನ್ನು ಬಹುಪಾಲು ತಡೆಯುತ್ತದೆ, ನಕಲಿ ಎಷ್ಟೋ ಬಾರಿ ಎಣ್ಣೆ ಕಾಗದದಂತೆ ಬೆಳಗುತ್ತದೆ. ಹಿಂಬದಿಯ ನೀಲಿ ಬಣ್ಣ ಮಾಸಲಾಗಿದೆಯೇ, ಅಕ್ಷರ ದಪ್ಪಗಾಗಿದೆಯೇ, ಪೋಕೆಮಾನ್ ಎಂಬ ಇಂಗ್ಲಿಷ್ ಹೆಸರಿನಲ್ಲಿ ಇ ಅಕ್ಷರದ ಮೇಲಿನ ಸಣ್ಣ ಗೀಟು ಇದೆಯೇ ಎಂದು ನೋಡಿ. ಚಿನ್ನದ ಬಣ್ಣದ ಪ್ಲಾಸ್ಟಿಕ್ ಅಥವಾ ಲೋಹದ ಕಾರ್ಡ್‌ಗಳು ಆಟಕ್ಕೆ ಬರುವುದಿಲ್ಲ, ಮಗು ಎಷ್ಟೇ ಹಟ ಮಾಡಿದರೂ ಸೇರಿಸಬೇಡಿ. ತೆಳುವಾದ ಒಂದು ನಕಲಿ ಎಲೆ ಡೆಕ್‌ನಲ್ಲಿದ್ದರೆ ಕಲಸುವಾಗ ಬೆರಳಿಗೇ ಗೊತ್ತಾಗುತ್ತದೆ. ಎದುರು ಕುಳಿತವರಿಗೆ ಅದು ಅನ್ಯಾಯ.

ಎಡ ಕೆಳಮೂಲೆಯಲ್ಲಿ ಚಿಕ್ಕ ಚೌಕದೊಳಗೆ ಒಂದು ಇಂಗ್ಲಿಷ್ ಅಕ್ಷರವಿದೆಯೇ ಎಂದೂ ಗಮನಿಸಿ. ಅಧಿಕೃತ ಪಂದ್ಯದ ಸ್ಟ್ಯಾಂಡರ್ಡ್ ವಿಭಾಗದಲ್ಲಿ ಯಾವ ಅಕ್ಷರದ ಕಾರ್ಡ್ ನಡೆಯುತ್ತದೆ ಎಂಬುದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬದಲಾಗುತ್ತದೆ, ಹಳೆಯ ಅಕ್ಷರಗಳು ಹೊರಹೋಗುತ್ತವೆ. ಮನೆಯಾಟಕ್ಕೆ ಇದು ಅಡ್ಡಿಯಲ್ಲ. ಪಂದ್ಯಕ್ಕೆ ಹೋಗುವವರು ಮಾತ್ರ ಕಾರ್ಡ್ ಕೊಳ್ಳುವ ಮೊದಲೇ ಆ ವರ್ಷದ ಪಟ್ಟಿಯನ್ನು ಆಟದ ಅಧಿಕೃತ ಜಾಲತಾಣದಲ್ಲಿ ನೋಡಿಕೊಳ್ಳಿ.

ಹಂತ 2: ಹೊಡೆಯುವವನನ್ನು ಒಬ್ಬನನ್ನೇ ಆರಿಸಿ

ಈ ಒಂದು ನಿರ್ಧಾರವನ್ನು ಮುಂದೂಡಿದರೆ ಮುಂದಿನದೆಲ್ಲ ಹದಗೆಡುತ್ತದೆ. ಹೆಚ್ಚಿನ ಆಟಗಳಲ್ಲಿ ನಿಮ್ಮ ಪರವಾಗಿ ಹೊಡೆಯುವ ಪೋಕೆಮಾನ್ ಯಾವುದು? ಒಂದೇ ಹೆಸರು ಹೇಳಿ. ಬೆಂಕಿಯದೊಂದು, ನೀರಿನದೊಂದು, ಮಿಂಚಿನದೊಂದು ಎಂದು ಮೂವರನ್ನು ಇಟ್ಟುಕೊಂಡರೆ ಮೂರು ಬಗೆಯ ಎನರ್ಜಿ ಬೇಕು, ಬೇಕಾದ ಹೊತ್ತಿಗೆ ಬೇಕಾದದ್ದು ಬರುವುದೇ ಇಲ್ಲ.

ಈ ಬರಹದುದ್ದಕ್ಕೂ ನನ್ನ ಉದಾಹರಣೆ ಚಾರಿಜಾರ್ಡ್ ಇಎಕ್ಸ್. 2023ರ ಆಗಸ್ಟ್‌ನಲ್ಲಿ ಅಬ್ಸಿಡಿಯನ್ ಫ್ಲೇಮ್ಸ್ ಸಂಗ್ರಹದಲ್ಲಿ ಬಂದ ಕಾರ್ಡ್ ಅದು. ಅಕ್ಷರ ಜಿ. 330 ಪ್ರಾಣಬಲ, ಹೊಡೆತಕ್ಕೆ ಎರಡು ಬೆಂಕಿ ಎನರ್ಜಿ ಸಾಕು. ಹೊಡೆತ 180, ಮತ್ತು ಎದುರಾಳಿ ಅದುವರೆಗೆ ತೆಗೆದುಕೊಂಡ ಪ್ರತಿ ಪ್ರೈಜ್ ಕಾರ್ಡ್‌ಗೆ 30 ಸೇರುತ್ತದೆ. (ಪ್ರೈಜ್ ಎಂದರೆ ಆಟದ ಆರಂಭದಲ್ಲಿ ಇಬ್ಬರೂ ತಮ್ಮ ತಮ್ಮ ಡೆಕ್‌ನಿಂದ ಮುಚ್ಚಿಡುವ ಎಲೆಗಳು, ಎದುರಿನ ಪೋಕೆಮಾನ್ ಬೀಳಿಸಿದಾಗ ತಮ್ಮದನ್ನು ಎತ್ತಿಕೊಳ್ಳುತ್ತಾರೆ.) ಎದುರಾಳಿ ಎರಡು ತೆಗೆದಿದ್ದರೆ 240, ನಾಲ್ಕು ತೆಗೆದಿದ್ದರೆ 300. ಅಂದರೆ ನೀವು ಹಿಂದೆ ಬಿದ್ದಷ್ಟೂ ಇದು ಜೋರಾಗುತ್ತದೆ. ಜೊತೆಗೆ ಇದರ ಸಾಮರ್ಥ್ಯವೊಂದಿದೆ: ಕೈಯಿಂದ ಇಳಿಸಿ ಬೆಳೆಸಿದ ಕೂಡಲೇ ಡೆಕ್‌ನಿಂದ ಮೂರರವರೆಗೆ ಬೆಂಕಿಯ ಬೇಸಿಕ್ ಎನರ್ಜಿ ಹುಡುಕಿ ನಿಮ್ಮ ಪೋಕೆಮಾನ್‌ಗಳಿಗೆ ಹಚ್ಚಬಹುದು. ಈ ಸಾಲನ್ನು ನೆನಪಿಡಿ, ಇಡೀ ಡೆಕ್ ಇದರ ಮೇಲೆ ನಿಂತಿದೆ.

ಆರಿಸುವಾಗ ಕಾರ್ಡ್‌ನಲ್ಲಿ ನೋಡಬೇಕಾದದ್ದು ಹೊಡೆತದ ಅಂಕಿಗಿಂತ ಮೊದಲು ಅದರ ಎಡಕ್ಕಿರುವ ಎನರ್ಜಿ ಗುರುತುಗಳ ಸಂಖ್ಯೆ. ನಾಲ್ಕು ಎನರ್ಜಿ ಕೇಳುವ 280ರ ಹೊಡೆತಕ್ಕಿಂತ ಎರಡು ಎನರ್ಜಿಯ 150 ಹೊಸಬರಿಗೆ ಒಳ್ಳೆಯದು, ಏಕೆಂದರೆ ಕೈಯಿಂದ ಎನರ್ಜಿ ಹಚ್ಚಲು ಸರದಿಗೆ ಒಂದೇ ಬಾರಿ ಅವಕಾಶ. ನಾಲ್ಕು ಸರದಿ ಕಾಯುವುದರೊಳಗೆ ಎದುರಾಳಿ ಅರ್ಧ ಆಟ ಮುಗಿಸಿರುತ್ತಾನೆ.

ಇಎಕ್ಸ್ ಬಗ್ಗೆ ಒಂದು ಎಚ್ಚರಿಕೆ. ಇಂಥ ಪೋಕೆಮಾನ್ ಬಿದ್ದರೆ ಎದುರಾಳಿಗೆ ಒಂದರ ಬದಲು ಎರಡು ಪ್ರೈಜ್ ಸಿಗುತ್ತದೆ. ಪ್ರೈಜ್ ಇರುವುದೇ ಆರು. ಮೂರು ಇಎಕ್ಸ್ ಕಳೆದುಕೊಂಡರೆ ಆಟ ಕಳೆದುಕೊಂಡಂತೆಯೇ.

ಹಂತ 3: ಬೆಳವಣಿಗೆಯ ಸಾಲನ್ನು ಜೋಡಿಸಿ

ಚಾರ್ಮ್ಯಾಂಡರ್ ಬೇಸಿಕ್, ಚಾರ್ಮೀಲಿಯನ್ ಸ್ಟೇಜ್ 1, ಚಾರಿಜಾರ್ಡ್ ಇಎಕ್ಸ್ ಸ್ಟೇಜ್ 2. ಇದನ್ನು ಪಿರಮಿಡ್‌ನಂತೆ ಯೋಚಿಸಿ, ತಳ ಅಗಲವಾಗಿರಲಿ. ಹುಡುಗನ ಡೆಕ್‌ನಲ್ಲಿ ಎರಡು ಚಾರ್ಮ್ಯಾಂಡರ್, ಮೂರು ಚಾರಿಜಾರ್ಡ್ ಇದ್ದವು. ಗೋಪುರ ತಲೆಕೆಳಗಾಗಿತ್ತು.

ಚಾರ್ಮ್ಯಾಂಡರ್ 4, ಚಾರ್ಮೀಲಿಯನ್ 2, ಚಾರಿಜಾರ್ಡ್ ಇಎಕ್ಸ್ 3 ಇಡಿ. ನಡುವಿನದು ಎರಡೇ ಸಾಕು, ಏಕೆಂದರೆ ರೇರ್ ಕ್ಯಾಂಡಿ ಎಂಬ ಟ್ರೈನರ್ ಕಾರ್ಡ್ ಇದ್ದರೆ ಬೇಸಿಕ್‌ನಿಂದ ನೇರವಾಗಿ ಸ್ಟೇಜ್ 2ಕ್ಕೆ ಹಾರಬಹುದು. ಆದರೆ ರೇರ್ ಕ್ಯಾಂಡಿಯಲ್ಲಿ ಬಹಳ ಜನ ಎಡವುವ ಜಾಗವಿದೆ: ಅದೇ ಸರದಿಯಲ್ಲಿ ಇಳಿಸಿದ ಬೇಸಿಕ್ ಮೇಲೆ ಅದನ್ನು ಬಳಸುವಂತಿಲ್ಲ, ನಿಮ್ಮ ಮೊದಲ ಸರದಿಯಲ್ಲೂ ಬಳಸುವಂತಿಲ್ಲ. ಮೊದಲ ಸರದಿಯಲ್ಲೇ ಚಾರಿಜಾರ್ಡ್ ನಿಲ್ಲಿಸಿದೆ ಎಂದು ಯಾರಾದರೂ ಹೆಮ್ಮೆಪಟ್ಟರೆ ಅವರು ನಿಯಮ ತಪ್ಪಿದ್ದಾರೆ.

ಈಗ ಒಬ್ಬ ಸಹಾಯಕ ಬೇಕು. ನಾನು ಪಿಡ್ಜಿಯಟ್ ಇಎಕ್ಸ್ ಇಡುತ್ತೇನೆ. ಅದು ಬೆಂಚ್‌ನಲ್ಲಿ (ಮುಂದೆ ನಿಂತು ಹೊಡೆಯುವವನ ಹಿಂದಿನ ಸಾಲಿನಲ್ಲಿ) ಕುಳಿತೇ ಪ್ರತಿ ಸರದಿ ಡೆಕ್‌ನಿಂದ ನಿಮಗೆ ಬೇಕಾದ ಯಾವುದೇ ಒಂದು ಕಾರ್ಡನ್ನು ಕೈಗೆ ತಂದುಕೊಡುತ್ತದೆ. ಎರಡು ಪಿಡ್ಜಿಯಟ್ ಇದ್ದರೂ ಸರದಿಗೆ ಒಂದೇ ಬಾರಿ. ಪಿಡ್ಜಿ 3, ಪಿಡ್ಜಿಯೊಟ್ಟೊ 1, ಪಿಡ್ಜಿಯಟ್ ಇಎಕ್ಸ್ 2. ಒಂದೇ ಸಾಲದೇ ಎಂದು ಕೇಳುವವರಿಗೆ: ಯಾವುದೇ ಒಂಟಿ ಕಾರ್ಡ್ ಆರು ಪ್ರೈಜ್‌ಗಳಲ್ಲಿ ಸಿಕ್ಕಿಬೀಳುವ ಸಾಧ್ಯತೆ ಹತ್ತರಲ್ಲಿ ಒಂದು. ಎರಡಿದ್ದರೆ ಎರಡೂ ಸಿಕ್ಕಿಬೀಳುವುದು ನೂರರಲ್ಲಿ ಒಂದಕ್ಕಿಂತ ಕಡಿಮೆ.

ನಾಲ್ಕರ ಮಿತಿಯ ಬಗ್ಗೆ ಗೊಂದಲ ಬಹಳ. ಬೇಸಿಕ್ ಎನರ್ಜಿ ಬಿಟ್ಟು ಒಂದೇ ಹೆಸರಿನ ಕಾರ್ಡ್ ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಲೆಕ್ಕ ಹೆಸರಿಗೆ, ಚಿತ್ರಕ್ಕಲ್ಲ. ಬೇರೆ ಬೇರೆ ಚಿತ್ರದ ಐದು ಚಾರ್ಮ್ಯಾಂಡರ್ ಇಟ್ಟರೆ ತಪ್ಪು. ಚಾರಿಜಾರ್ಡ್ ಮತ್ತು ಚಾರಿಜಾರ್ಡ್ ಇಎಕ್ಸ್ ಬೇರೆ ಬೇರೆ ಹೆಸರುಗಳು, ಅವು ಬೇರೆ ಬೇರೆ ಲೆಕ್ಕ.

ಹಂತ 4: ಬೇಸಿಕ್‌ಗಳನ್ನು ಎಣಿಸಿ

ಆಟದ ಆರಂಭದಲ್ಲಿ ಏಳು ಎಲೆ ಎತ್ತುತ್ತೀರಿ. ಅದರಲ್ಲಿ ಒಂದಾದರೂ ಬೇಸಿಕ್ ಇರಲೇಬೇಕು. ಇಲ್ಲದಿದ್ದರೆ ಕೈ ತೋರಿಸಿ, ಮತ್ತೆ ಕಲಸಿ, ಮತ್ತೆ ಏಳು ಎತ್ತಬೇಕು. ಹಾಗಾದ ಪ್ರತಿ ಬಾರಿಗೆ ಎದುರಾಳಿ ಒಂದು ಹೆಚ್ಚುವರಿ ಎಲೆ ಎತ್ತಿಕೊಳ್ಳಬಹುದು. ನೀವು ಆಟ ಶುರುಮಾಡುವ ಮೊದಲೇ ಅವನಿಗೆ ಪುಕ್ಕಟೆ ಲಾಭ.

ಲೆಕ್ಕ ಹೀಗೆ ಬರುತ್ತದೆ. ಡೆಕ್‌ನಲ್ಲಿ 4 ಬೇಸಿಕ್ ಇದ್ದರೆ ಮೊದಲ ಏಳರಲ್ಲಿ ಒಂದಾದರೂ ಸಿಗುವ ಸಾಧ್ಯತೆ ಸುಮಾರು ಶೇ 40. ಒಂಬತ್ತಿದ್ದರೆ ಶೇ 70. ಹನ್ನೆರಡಿದ್ದರೆ ಶೇ 81. ಬೆಳೆಯುವ ಪೋಕೆಮಾನ್‌ಗಳ ಡೆಕ್‌ಗೆ ಒಂಬತ್ತಕ್ಕಿಂತ ಕೆಳಗೆ ಇಳಿಯಬೇಡಿ ಎಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿ ಚಾರ್ಮ್ಯಾಂಡರ್ 4, ಪಿಡ್ಜಿ 3, ಒಟ್ಟು ಏಳು. ಎರಡು ಕ್ಲೆಫಾ ಸೇರಿಸುತ್ತೇನೆ. ಅಬ್ಸಿಡಿಯನ್ ಫ್ಲೇಮ್ಸ್‌ನ ಕ್ಲೆಫಾಗೆ ಪ್ರಾಣಬಲ ಬರೀ 30. ಆದರೆ ಅದರ ಹೊಡೆತಕ್ಕೆ ಎನರ್ಜಿಯೇ ಬೇಡ, ಯಾರಿಗೂ ಏಟೂ ಬೀಳುವುದಿಲ್ಲ, ಬದಲಿಗೆ ಕೈಯಲ್ಲಿ ಏಳು ಎಲೆ ಆಗುವವರೆಗೆ ಎತ್ತಿಕೊಳ್ಳಬಹುದು. ಕೈ ಬರಿದಾದ ದಿನ ಇದರ ಬೆಲೆ ತಿಳಿಯುತ್ತದೆ. ಈಗ ಪೋಕೆಮಾನ್ 17, ಅದರಲ್ಲಿ ಬೇಸಿಕ್ 9. ಇಲ್ಲಿಗೆ ಪೋಕೆಮಾನ್ ರಾಶಿಯನ್ನು ಮುಚ್ಚಿಬಿಡಿ. ಇನ್ನೊಂದು ಚೆಂದದ ಎಲೆ ಕಣ್ಣಿಗೆ ಬಿದ್ದರೂ ತೆಗೆದುಕೊಳ್ಳಬೇಡಿ.

ಹಂತ 5: ಟ್ರೈನರ್‌ಗಳಿಗೆ ಅರ್ಧ ಡೆಕ್ ಬಿಟ್ಟುಕೊಡಿ

ಅರ್ಧವೇ? ಹೌದು, 30ಕ್ಕಿಂತ ಹೆಚ್ಚು. ಮಕ್ಕಳಿಗೆ ಇದನ್ನು ಒಪ್ಪಿಸುವುದು ಕಷ್ಟ. ನಾನು ಅವರಿಗೆ ಹೇಳುವುದು ಇಷ್ಟೇ: ಪೋಕೆಮಾನ್ ಅಡುಗೆಯ ತರಕಾರಿ, ಟ್ರೈನರ್ ಅದನ್ನು ಸಂತೆಯಿಂದ ಮನೆಗೆ ತರುವ ಕೈಗಳು. ತರುವವರಿಲ್ಲದಿದ್ದರೆ ತರಕಾರಿ ಸಂತೆಯಲ್ಲೇ ಕೊಳೆಯುತ್ತದೆ.

ಟ್ರೈನರ್‌ಗಳಲ್ಲಿ ಎರಡು ಬಗೆ ಮುಖ್ಯ. ಐಟಂ ಕಾರ್ಡ್‌ಗಳನ್ನು ಒಂದೇ ಸರದಿಯಲ್ಲಿ ಎಷ್ಟು ಬೇಕಾದರೂ ಆಡಬಹುದು. ಸಪೋರ್ಟರ್ ಕಾರ್ಡ್ ಸರದಿಗೆ ಒಂದೇ, ಮತ್ತು ಮೊದಲು ಆಡುವವನು ತನ್ನ ಮೊದಲ ಸರದಿಯಲ್ಲಿ ಅದನ್ನು ಆಡುವಂತಿಲ್ಲ, ಹೊಡೆಯುವಂತೆಯೂ ಇಲ್ಲ. ಆದ್ದರಿಂದ ಸಪೋರ್ಟರ್ ಸುಮಾರು 12, ಐಟಂ ಅದಕ್ಕಿಂತ ಹೆಚ್ಚು.

ನನ್ನ ಪಟ್ಟಿಯ ಸಪೋರ್ಟರ್‌ಗಳು: ಪ್ರೊಫೆಸರ್ಸ್ ರಿಸರ್ಚ್ 4, ಅಯೋನೊ 3, ಆರ್ವೆನ್ 3, ಬಾಸಸ್ ಆರ್ಡರ್ಸ್ 2. ಮೊದಲನೆಯದು ಕೈಯಲ್ಲಿರುವುದನ್ನೆಲ್ಲ ಎಸೆದು ಹೊಸದಾಗಿ ಏಳು ಎತ್ತಿಸುತ್ತದೆ. ಅಯೋನೊ ಇಬ್ಬರ ಕೈಯನ್ನೂ ಡೆಕ್‌ನ ತಳಕ್ಕೆ ಸೇರಿಸಿ, ಅವರವರಿಗೆ ಉಳಿದಿರುವ ಪ್ರೈಜ್‌ಗಳಷ್ಟು ಎಲೆ ಕೊಡುತ್ತದೆ. ಎದುರಾಳಿಗೆ ಒಂದೇ ಪ್ರೈಜ್ ಉಳಿದಿರುವಾಗ ಇದನ್ನು ಆಡಿದರೆ ಅವನ ಕೈಗೆ ಒಂದೇ ಎಲೆ. ಸೋಲುತ್ತಿರುವಾಗ ಆಡಬೇಕಾದ ಕಾರ್ಡ್ ಇದು, ಆರಂಭದಲ್ಲೇ ಮುಗಿಸಬೇಡಿ. ಆರ್ವೆನ್ ಡೆಕ್‌ನಿಂದ ಒಂದು ಐಟಂ ತಂದುಕೊಡುತ್ತಾನೆ. ಬಾಸಸ್ ಆರ್ಡರ್ಸ್ ಎದುರಾಳಿಯ ಬೆಂಚ್‌ನಲ್ಲಿ ಅಡಗಿ ಕುಳಿತವನನ್ನು ಮುಂದಕ್ಕೆ ಎಳೆಯುತ್ತದೆ.

ಐಟಂಗಳು: ಬಡ್ಡಿ ಬಡ್ಡಿ ಪಾಫಿನ್ 4, ನೆಸ್ಟ್ ಬಾಲ್ 4, ಅಲ್ಟ್ರಾ ಬಾಲ್ 4, ರೇರ್ ಕ್ಯಾಂಡಿ 4, ಸ್ವಿಚ್ 3, ಸೂಪರ್ ರಾಡ್ 2. ಪಾಫಿನ್ 70 ಅಥವಾ ಅದಕ್ಕಿಂತ ಕಡಿಮೆ ಪ್ರಾಣಬಲದ ಎರಡು ಬೇಸಿಕ್‌ಗಳನ್ನು ನೇರವಾಗಿ ಬೆಂಚ್‌ಗೆ ತರುತ್ತದೆ. ಹೀಗಾಗಿ ನಿಮ್ಮ ಚಾರ್ಮ್ಯಾಂಡರ್‌ನ ಬಲ ಮೇಲ್ಮೂಲೆಯ ಅಂಕಿಯನ್ನು ಮೊದಲೇ ನೋಡಿ, 80 ಇದ್ದರೆ ಪಾಫಿನ್ ಅದನ್ನು ಮುಟ್ಟುವುದಿಲ್ಲ. ಅಲ್ಟ್ರಾ ಬಾಲ್ ಯಾವ ಪೋಕೆಮಾನನ್ನಾದರೂ ಕೈಗೆ ತರುತ್ತದೆ, ಆದರೆ ಕೈಯಿಂದ ಬೇರೆ ಎರಡು ಎಲೆ ಎಸೆಯಬೇಕು. ಎಸೆದ ಪೋಕೆಮಾನ್ ಮತ್ತು ಬೇಸಿಕ್ ಎನರ್ಜಿಗಳಲ್ಲಿ ಮೂರರವರೆಗೆ ಸೂಪರ್ ರಾಡ್ ಡೆಕ್‌ಗೆ ಮರಳಿಸುತ್ತದೆ.

ಒಟ್ಟು 33. ಈ ಪಟ್ಟಿಯ ಹೆಸರುಗಳೇ ನಿಮ್ಮ ಬಳಿ ಇರಬೇಕೆಂದಿಲ್ಲ. ಕೆಲಸ ಮುಖ್ಯ: ಎಲೆ ಎತ್ತಿಸುವವು, ಪೋಕೆಮಾನ್ ಹುಡುಕುವವು, ಸ್ಥಾನ ಬದಲಿಸುವವು, ಎಸೆದದ್ದನ್ನು ಮರಳಿಸುವವು. ಈ ನಾಲ್ಕರಲ್ಲಿ ಒಂದು ಬಗೆ ಪೂರ್ತಿ ಇಲ್ಲದಿದ್ದರೆ ಡೆಕ್ ಕುಂಟುತ್ತದೆ.

ಹಂತ 6: ಎನರ್ಜಿ, ಕೊನೆಗೆ ಮತ್ತು ಕಡಿಮೆ

17 ಮತ್ತು 33 ಸೇರಿ 50. ಉಳಿದದ್ದು ಹತ್ತು ಬೆಂಕಿ ಎನರ್ಜಿ.

ಹತ್ತೇ ಎಂದಾಗ ಎಲ್ಲರೂ ಹೆದರುತ್ತಾರೆ. ಚಾರಿಜಾರ್ಡ್‌ನ ಸಾಮರ್ಥ್ಯವನ್ನು ಮತ್ತೆ ಓದಿ: ಎನರ್ಜಿಯನ್ನು ಅದು ಡೆಕ್‌ನಿಂದ ಹುಡುಕುತ್ತದೆ. ಎನರ್ಜಿ ನಿಮ್ಮ ಕೈಯಲ್ಲಿ ತುಂಬಿಕೊಂಡಿದ್ದರೆ ಅದಕ್ಕೆ ಹುಡುಕಲು ಏನೂ ಸಿಗುವುದಿಲ್ಲ. ಒಂದು ಚಾರಿಜಾರ್ಡ್ ಇಳಿದರೆ ಮೂರು ಎನರ್ಜಿ ಮೇಜಿಗೆ ಬರುತ್ತದೆ, ಹೊಡೆತಕ್ಕೆ ಬೇಕಾದದ್ದು ಎರಡು. ಮೂರನೆಯದನ್ನು ಬೆಂಚ್‌ನಲ್ಲಿರುವ ಮುಂದಿನ ಚಾರ್ಮ್ಯಾಂಡರ್‌ಗೆ ಹಚ್ಚಿಡಿ.

ನಿಮ್ಮ ಹೊಡೆಯುವವನಿಗೆ ಇಂಥ ಸಾಮರ್ಥ್ಯವಿಲ್ಲದಿದ್ದರೆ 12ರಿಂದ 14 ಇಡಿ. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಕೊರತೆಯಿರುವುದು ಎನರ್ಜಿಗಲ್ಲ, ಎಲೆ ಎತ್ತಿಸುವ ಕಾರ್ಡ್‌ಗಳಿಗೆ. ಎನರ್ಜಿಯನ್ನು ಮೊದಲೇ ಎಣಿಸಿಟ್ಟವರು ಟ್ರೈನರ್‌ಗಳಿಗೆ ಜಾಗವಿಲ್ಲದೆ ಒದ್ದಾಡುತ್ತಾರೆ. ಈ ಹಂತ ಕೊನೆಗೆ ಬಂದಿರುವುದು ಅದಕ್ಕೇ.

ಹಂತ 7: ಕಾಗದದ ಡೆಕ್‌ನಲ್ಲಿ ಪರೀಕ್ಷಿಸಿ, ಆಮೇಲೆ ಕೊಳ್ಳಿ

ಪಟ್ಟಿಯಲ್ಲಿ ನಿಮ್ಮ ಬಳಿ ಇಲ್ಲದ ಕಾರ್ಡ್‌ಗಳು ಇದ್ದೇ ಇರುತ್ತವೆ. ಕೂಡಲೇ ಪ್ಯಾಕೆಟ್ ಕೊಳ್ಳಲು ಹೋಗಬೇಡಿ. ಪ್ಯಾಕೆಟ್‌ನಲ್ಲಿ ಬೇಕಾದದ್ದೇ ಬರುತ್ತದೆಂಬ ಭರವಸೆ ಇಲ್ಲ, ಮಗುವಿನ ಆಸೆಗೆ ಹತ್ತು ಪ್ಯಾಕೆಟ್ ತೆಗೆದು ಒಂದೂ ರೇರ್ ಕ್ಯಾಂಡಿ ಸಿಗದ ತಂದೆತಾಯಿಯನ್ನು ನೋಡಿದ್ದೇನೆ. ಬಿಳಿ ಹಾಳೆಯನ್ನು ಕಾರ್ಡ್‌ನ ಅಳತೆಗೆ ಕತ್ತರಿಸಿ, ಹೆಸರು ಮತ್ತು ಕೆಲಸ ಬರೆದು, ಬೇಡದ ಯಾವುದೋ ಕಾರ್ಡ್‌ನ ಮುಂದಿಟ್ಟು ಸ್ಲೀವ್‌ಗೆ ಸೇರಿಸಿ. ಮನೆಯ ಪರೀಕ್ಷೆಗೆ ಇದು ಸಾಕು. ಪಂದ್ಯದಲ್ಲಿ ಖಂಡಿತ ನಡೆಯುವುದಿಲ್ಲ.

ಈಗ ಒಬ್ಬರೇ ಕುಳಿತು ಚೆನ್ನಾಗಿ ಕಲಸಿ. ಏಳು ಎಲೆ ಎತ್ತಿ. ನೋಟ್‌ಬುಕ್‌ನಲ್ಲಿ ಎರಡು ಪ್ರಶ್ನೆಗೆ ಉತ್ತರ ಬರೆಯಿರಿ: ಬೇಸಿಕ್ ಬಂತೇ? ಎರಡನೆಯ ಸರದಿಯಲ್ಲಿ ಏನಾದರೂ ಬೆಳೆಸಬಹುದೇ? ಮತ್ತೆ ಕಲಸಿ. ಹೀಗೆ ಇಪ್ಪತ್ತು ಬಾರಿ. ಹತ್ತು ಬಾರಿ ಮಾಡಿ ನಿಲ್ಲಿಸುವವರು ಅದೃಷ್ಟವನ್ನು ಅಳೆಯುತ್ತಾರೆ, ಡೆಕ್ ಅನ್ನಲ್ಲ.

ಒಂದು ಕೈಯನ್ನು ಹತ್ತಿರದಿಂದ ನೋಡೋಣ. ಚಾರ್ಮ್ಯಾಂಡರ್, ಪಾಫಿನ್, ರೇರ್ ಕ್ಯಾಂಡಿ, ಅಲ್ಟ್ರಾ ಬಾಲ್, ಬೆಂಕಿ ಎನರ್ಜಿ ಎರಡು, ಅಯೋನೊ. ಚಾರಿಜಾರ್ಡ್ ಒಂದೂ ಇಲ್ಲ, ನೋಡಿದರೆ ಸಪ್ಪೆ ಕೈ. ನಿಜಕ್ಕೂ ಇದು ಬಂಗಾರ. ಮೊದಲ ಸರದಿಯಲ್ಲಿ ಚಾರ್ಮ್ಯಾಂಡರ್ ಮುಂದೆ ನಿಲ್ಲುತ್ತದೆ, ಪಾಫಿನ್ ಇನ್ನೊಂದು ಚಾರ್ಮ್ಯಾಂಡರ್ ಮತ್ತು ಒಂದು ಪಿಡ್ಜಿಯನ್ನು ಬೆಂಚ್‌ಗೆ ಕರೆತರುತ್ತದೆ, ಒಂದು ಎನರ್ಜಿಯನ್ನು ಬೆಂಚ್‌ನ ಚಾರ್ಮ್ಯಾಂಡರ್‌ಗೆ ಹಚ್ಚುತ್ತೀರಿ. ಅಯೋನೊ ಆಡಬೇಡಿ, ಆಡಿದರೆ ರೇರ್ ಕ್ಯಾಂಡಿಯೂ ಅಲ್ಟ್ರಾ ಬಾಲೂ ತಳಕ್ಕೆ ಹೋಗುತ್ತವೆ. ಎರಡನೆಯ ಸರದಿಯಲ್ಲಿ ಅಯೋನೊ ಮತ್ತು ಉಳಿದ ಎನರ್ಜಿಯನ್ನು ಎಸೆದು ಅಲ್ಟ್ರಾ ಬಾಲ್‌ನಿಂದ ಚಾರಿಜಾರ್ಡ್ ತನ್ನಿ, ರೇರ್ ಕ್ಯಾಂಡಿಯಿಂದ ಅದನ್ನು ಇಳಿಸಿ, ಮೂರು ಎನರ್ಜಿ ಹುಡುಕಿ ಹಚ್ಚಿ, 180 ಹೊಡೆಯಿರಿ. ಹುಡುಗನಿಗೆ ಈ ಕೈಯನ್ನು ಮೇಜಿನ ಮೇಲೆ ಬಿಡಿಸಿ ತೋರಿಸಿದಾಗ ಅವನು ಎಲೆಗಳನ್ನು ಮತ್ತೆ ಮೊದಲಿನಿಂದ ಜೋಡಿಸಿ ತಾನೇ ಒಂದು ಸಲ ಆಡಿ ನೋಡಿದ.

ಹಂತ 8: ಸರದಿಯೊಳಗಿನ ಕ್ರಮ

ಒಳ್ಳೆಯ ಡೆಕ್ ಇದ್ದೂ ಸೋಲುವವರು ಇಲ್ಲಿ ಸೋಲುತ್ತಾರೆ. ಹೊಡೆದ ಕೂಡಲೇ ಸರದಿ ಮುಗಿಯುತ್ತದೆ, ಹಾಗಾಗಿ ಹೊಡೆತ ಯಾವಾಗಲೂ ಕೊನೆಗೆ.

ಒಂದು ಎಲೆ ಎತ್ತಿದ ಮೇಲೆ ಕೈ ಪೂರ್ತಿ ನೋಡಿ. ಮೊದಲು ಬೇಸಿಕ್ ಇಳಿಸುವ ಐಟಂಗಳು, ಆಮೇಲೆ ಬೆಳೆಸುವುದು, ಆಮೇಲೆ ಎನರ್ಜಿ ಹಚ್ಚುವುದು. ಪ್ರೊಫೆಸರ್ಸ್ ರಿಸರ್ಚ್ ಆಡುವುದಿದ್ದರೆ ಇವೆಲ್ಲ ಮುಗಿದ ನಂತರ, ಏಕೆಂದರೆ ಅದು ಕೈಯನ್ನೆಲ್ಲ ಎಸೆಯುತ್ತದೆ. ಆಡಬಹುದಾಗಿದ್ದ ನೆಸ್ಟ್ ಬಾಲ್ ಎರಡನ್ನು ಕೈಯಲ್ಲಿಟ್ಟುಕೊಂಡು ರಿಸರ್ಚ್ ಆಡಿ ಎಸೆದವರನ್ನು ವಾರವಾರವೂ ನೋಡುತ್ತೇನೆ. ಪಿಡ್ಜಿಯಟ್‌ನ ಹುಡುಕಾಟ ರಿಸರ್ಚ್ ಆದ ಮೇಲೆ. ಮೊದಲೇ ಹುಡುಕಿದರೆ ತಂದ ಎಲೆಯನ್ನೇ ಎಸೆಯಬೇಕಾಗಬಹುದು. ಬೇಕಾದದ್ದು ಸಪೋರ್ಟರೇ ಆಗಿದ್ದರೆ ಮಾತ್ರ ಮೊದಲು ಹುಡುಕಿ.

ಮೊದಲ ಬಾರಿ ಡೆಕ್ ತೆರೆದು ಹುಡುಕುವಾಗ ಅವಸರ ಬೇಡ. ಪ್ರೈಜ್‌ಗಳನ್ನು ನೋಡುವಂತಿಲ್ಲ, ಆದರೆ ಡೆಕ್‌ನಲ್ಲಿ ಏನು ಇಲ್ಲ ಎಂಬುದು ಈಗ ಕಾಣುತ್ತದೆ. ಚಾರಿಜಾರ್ಡ್ ಎಷ್ಟಿದೆ, ಪಿಡ್ಜಿಯಟ್ ಎಷ್ಟಿದೆ, ರೇರ್ ಕ್ಯಾಂಡಿ ಎಷ್ಟಿದೆ? ಕೈಯಲ್ಲಿ, ಮೇಜಿನಲ್ಲಿ, ಎಸೆದ ರಾಶಿಯಲ್ಲಿ ಇರುವುದನ್ನು ಕಳೆದು ಉಳಿದದ್ದು ಪ್ರೈಜ್‌ನಲ್ಲಿದೆ. ಎರಡು ಚಾರಿಜಾರ್ಡ್ ಅಲ್ಲಿ ಸಿಕ್ಕಿಕೊಂಡಿದ್ದರೆ ಉಳಿದ ಒಂದನ್ನು ಎಸೆಯುವ ತಪ್ಪು ಮಾಡುವುದಿಲ್ಲ. ಪ್ರತಿ ಹುಡುಕಾಟದ ನಂತರ ಕಲಸಿ, ಎದುರಾಳಿಗೆ ಕಟ್ ಮಾಡಲು ಕೊಡಿ.

ಬೆಂಚ್‌ನಲ್ಲಿ ಐದೇ ಸ್ಥಾನ. ಅದನ್ನು ಬೇಡದವರಿಂದ ತುಂಬಿಬಿಟ್ಟರೆ ಆಮೇಲೆ ಚಾರ್ಮ್ಯಾಂಡರ್ ಬಂದರೂ ಕೂರಿಸಲು ಜಾಗವಿಲ್ಲ.

ಹಂತ 9: ಲಕ್ಷಣ ನೋಡಿ ಮದ್ದು

ಐದು ಆಟ ಆಡಿದ ಮೇಲೆ ಮಾತ್ರ ಬದಲಾವಣೆ, ಅದೂ ಒಮ್ಮೆಗೆ ಎರಡು ಮೂರು ಎಲೆ. ಒಂದು ಸೋಲಿಗೆ ಇಪ್ಪತ್ತು ಎಲೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಕೈಯಲ್ಲಿ ಪದೇ ಪದೇ ನಾಲ್ಕೈದು ಎನರ್ಜಿ ಕುಳಿತಿದ್ದರೆ ಒಂದೆರಡು ತೆಗೆದು ಎಲೆ ಎತ್ತಿಸುವ ಕಾರ್ಡ್ ಹಾಕಿ. ದೊಡ್ಡವರು ಕೈಯಲ್ಲಿ, ಮರಿಗಳು ಡೆಕ್‌ನಲ್ಲಿ ಎಂಬ ಪಾಡು ಬಂದರೆ ಬೇಸಿಕ್ ಹುಡುಕುವ ಐಟಂ ಕಡಿಮೆಯಾಗಿದೆ. ಚಾರ್ಮ್ಯಾಂಡರ್ ಬೆಳೆಯುವ ಮೊದಲೇ ಹೊಡೆತ ತಿಂದು ಸಾಯುತ್ತಿದ್ದರೆ ತಪ್ಪು ಡೆಕ್‌ನದಲ್ಲ, ಒಂದನ್ನೇ ಇಳಿಸುತ್ತಿದ್ದೀರಿ. ಯಾವಾಗಲೂ ಎರಡು ಇಳಿಸಿ. ಎನರ್ಜಿಯಿಲ್ಲದ ಚಾರಿಜಾರ್ಡ್ ಅನ್ನು ಎದುರಾಳಿ ಮುಂದಕ್ಕೆಳೆದು ಸಿಕ್ಕಿಸಿಬಿಡುತ್ತಿದ್ದರೆ ಸ್ವಿಚ್ ನಾಲ್ಕು ಮಾಡಿ, ಏಕೆಂದರೆ ಅದು ಹಿಂದೆ ಸರಿಯಲು ಎರಡು ಎನರ್ಜಿ ತೆರಬೇಕು. ಸರದಿಯ ಆರಂಭದಲ್ಲಿ ಎತ್ತಲು ಎಲೆಯೇ ಇಲ್ಲದೆ ಸೋತಿರಾ? ಕೊನೆಕೊನೆಗೂ ರಿಸರ್ಚ್ ಆಡುತ್ತಿದ್ದೀರಿ, ಡೆಕ್‌ನಲ್ಲಿ ಹತ್ತಕ್ಕಿಂತ ಕಡಿಮೆ ಉಳಿದಾಗ ಅದನ್ನು ಮುಟ್ಟಬೇಡಿ.

ಹುಲ್ಲಿನ ಬಗೆಯ ಪೋಕೆಮಾನ್ ಎದುರು ಮಾತ್ರ ಸೋಲುತ್ತಿದ್ದರೆ ಕಾರ್ಡ್‌ನ ಕೆಳಗಿನ ಸಾಲು ನೋಡಿ. ಚಾರಿಜಾರ್ಡ್ ಇಎಕ್ಸ್‌ನ ದೌರ್ಬಲ್ಯ ಹುಲ್ಲು, ಅಲ್ಲಿಂದ ಬಂದ ಹೊಡೆತ ಇಮ್ಮಡಿ. 170ರ ಹೊಡೆತ 340 ಆಗಿ 330ರ ಪ್ರಾಣಬಲ ಒಂದೇ ಏಟಿಗೆ ಮುಗಿಯುತ್ತದೆ. ಇದಕ್ಕೆ ಪೂರ್ತಿ ಮದ್ದಿಲ್ಲ. ಎದುರಾಳಿ ಎನರ್ಜಿ ಕೂಡಿಸುವ ಮೊದಲೇ ಬಾಸಸ್ ಆರ್ಡರ್ಸ್‌ನಿಂದ ಆ ಪೋಕೆಮಾನನ್ನು ಎಳೆದು ಹೊಡೆಯುವುದೊಂದೇ ದಾರಿ.

ಹಂತ 10: ಮಳೆಗಾಲಕ್ಕೆ ಡೆಕ್ ಕಾಪಾಡಿ

ಹೊಳೆಯುವ ಕಾರ್ಡ್‌ಗಳ ಮೇಲೆ ತೆಳುವಾದ ಲೋಹದ ಪದರವಿರುತ್ತದೆ. ಥಂಡಿಯಲ್ಲಿ ಕಾಗದ ಹಿಗ್ಗುತ್ತದೆ, ಆ ಪದರ ಹಿಗ್ಗುವುದಿಲ್ಲ, ಎಲೆ ಹಪ್ಪಳದಂತೆ ಬಾಗುತ್ತದೆ. ಜುಲೈ ತಿಂಗಳಲ್ಲಿ ಮಲೆನಾಡು, ಕರಾವಳಿಯ ಮನೆಗಳಲ್ಲಿ ವಾರದೊಳಗೇ ಇದು ಕಾಣುತ್ತದೆ. ಡೆಕ್‌ನಲ್ಲಿ ಹೊಳೆಯುವುದು ಚಾರಿಜಾರ್ಡ್ ಮತ್ತು ಪಿಡ್ಜಿಯಟ್ ಮಾತ್ರ ಆಗಿದ್ದರೆ ಬಾಗಿದ ಐದು ಎಲೆಗಳು ಎಲ್ಲಿವೆಯೆಂದು ಮೇಲಿನಿಂದಲೇ ಗೊತ್ತಾಗಿಬಿಡುತ್ತದೆ. ಪಂದ್ಯದಲ್ಲಿ ಅದನ್ನು ಗುರುತಿನ ಎಲೆಯೆಂದು ಪರಿಗಣಿಸುತ್ತಾರೆ, ಶಿಕ್ಷೆಯೂ ಇದೆ.

ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಹೊಸ ಚಪ್ಪಲಿ, ಬ್ಯಾಗ್‌ಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡನ್ನು ಹಾಕಿ ಡೆಕ್ ನಿಲ್ಲಿಸಿ. ಅದನ್ನು ಚಿಕ್ಕ ಮಕ್ಕಳ ಬಾಯಿಗೆ ಸಿಗದ ಕಡೆ ಇಡಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅಂಚಿನಲ್ಲಿ ಗಾಯವಾಗುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ, ಆ ಕಾರ್ಡ್ ಮತ್ತೆ ಆಟಕ್ಕೆ ಬರುವುದಿಲ್ಲ. ಬಾಗಿದ್ದನ್ನು ಇಸ್ತ್ರಿಪೆಟ್ಟಿಗೆಯಿಂದ ನೇರ ಮಾಡಲು ಹೋಗಿ ಸುಟ್ಟುಕೊಂಡವರಿದ್ದಾರೆ. ದಪ್ಪ ಪುಸ್ತಕದ ಕೆಳಗೆ, ಸಿಲಿಕಾ ಪೊಟ್ಟಣದ ಪಕ್ಕ ನಾಲ್ಕು ದಿನ ಇಡಿ, ಬಹುಪಾಲು ಸರಿಹೋಗುತ್ತದೆ.

ಪೂರ್ತಿ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ: ಪೋಕೆಮಾನ್ 17, ಟ್ರೈನರ್ 33, ಎನರ್ಜಿ 10. ಪ್ರತಿ ಆಟದ ಮೊದಲು, ಮತ್ತು ಸ್ನೇಹಿತರ ಮನೆಯಿಂದ ಹೊರಡುವ ಮೊದಲು ಅರವತ್ತು ಎಣಿಸಿ. ಒಬ್ಬರ ಎಲೆ ಇನ್ನೊಬ್ಬರ ಡೆಕ್‌ಗೆ ಸೇರಿಹೋಗುವುದು ಆಟ ಮುಗಿಸಿ ಎಲ್ಲರೂ ಒಟ್ಟಿಗೆ ಎದ್ದಾಗಲೇ.